ಊರಲ್ಲಿರೋ ಅಪ್ಪ ಅಮ್ಮನ ಬಿಪಿ ದೂರದಿಂದ ನೋಡ್ಕೊಳ್ಳೋದು ಹೇಗೆ

ಬೆಂಗಳೂರಲ್ಲಿ ಕೂತ್ಕೊಂಡು ಊರಲ್ಲಿರೋ ಅಮ್ಮನ ಬಿಪಿ ಬಗ್ಗೆ ದಿನಾ ಚಿಂತೆ ಮಾಡೋರು ನನ್ನ ಹಾಗೇ ತುಂಬಾ ಜನ ಇದೀರ, ಅದಕ್ಕೇ ಎರಡು ವರ್ಷದಲ್ಲಿ ನಾನು ಕಲ್ತಿದ್ದನ್ನ ಬರೀತಿದೀನಿ.

ಮೊದಲು ಮಷಿನ್. ರೆಟ್ಟೆಗೆ ಪಟ್ಟಿ ಸುತ್ತೋ ಡಿಜಿಟಲ್ ಮಷಿನ್ನೇ ತಗೊಳ್ಳಿ, ಮಣಿಕಟ್ಟಿಗೆ ಕಟ್ಟೋದು ಬೇಡ, ಕೈ ಸ್ವಲ್ಪ ಮೇಲೆ ಕೆಳಗೆ ಆದ್ರೂ ಲೆಕ್ಕ ತಪ್ಪತ್ತೆ. ಕೊಳ್ಳೋ ಮುಂಚೆ ಟೈಲರ್ ಟೇಪಲ್ಲಿ ರೆಟ್ಟೆ ಸುತ್ತಳತೆ ನೋಡಿ, ಮಾಮೂಲಿ ಪಟ್ಟಿ 22ರಿಂದ 32 ಸೆಂಟಿಮೀಟರ್‌ಗೆ ಇರತ್ತೆ, ದಪ್ಪ ಕೈಗೆ ಅದನ್ನೇ ಬಿಗಿದ್ರೆ ಬಿಪಿ ಇರೋದಕ್ಕಿಂತ ಜಾಸ್ತಿ ತೋರ್ಸತ್ತೆ. ಬ್ಲೂಟೂತ್ ಇಲ್ದಿದ್ರೂ ನಡೆಯತ್ತೆ.

ಮಷಿನ್‌ಗಿಂತ ನೋಡೋ ರೀತಿನೇ ಮುಖ್ಯ. ನಮ್ಮಮ್ಮ ಮೊದಲ್ನೇ ಸಲ ಕೊಟ್ಟಿಗೆ ಕೆಲಸ ಮುಗಿಸಿ ಹಾಗೇ ಬಂದು ಸ್ವೆಟರ್ ಮೇಲೇ ಪಟ್ಟಿ ಸುತ್ಕೊಂಡು ನೋಡಿದ್ಳು, ಮೇಲಿನ ನಂಬರ್ 168 ಬಂತು, ನಂಗೆ ಕೈಕಾಲೇ ಆಡ್ಲಿಲ್ಲ. ವಿಡಿಯೋ ಕಾಲಲ್ಲೇ ಸ್ವೆಟರ್ ತೆಗೆಸಿ, ಕುರ್ಚೀಲಿ ಕೂರಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಿದ್ವಿ, 138. ಹಾಗಾಗಿ ಕಾಫಿ ಕುಡಿದು ಅರ್ಧ ಗಂಟೆ ಆಗಿರ್ಬೇಕು, ಬಾತ್ರೂಮಿಗೆ ಹೋಗಿ ಬಂದಿರ್ಬೇಕು, ಬೆನ್ನು ಒರಗಿಸಿ ಕಾಲು ನೆಲಕ್ಕೂರಿ 5 ನಿಮಿಷ ಸುಮ್ನೆ ಕೂತು, ಕೈನ ಟೇಬಲ್ ಮೇಲೆ ಎದೆ ಮಟ್ಟಕ್ಕೆ ಇಟ್ಟು, ಮಾತಾಡ್ದೆ ನೋಡ್ಬೇಕು. ಒಂದು ನಿಮಿಷ ಬಿಟ್ಟು ಇನ್ನೊಂದ್ಸಲ. ಬೆಳಿಗ್ಗೆ ಮಾತ್ರೆ ತಗೊಳ್ಳೋ ಮುಂಚೆ, ಆಮೇಲೆ ಸಂಜೆ.

ಡಾಕ್ಟರ್ ಹತ್ರ ಹೋಗೋ ಮುಂಚೆ 7 ದಿನ ಹೀಗೆ ನೋಡಿ, ಮೊದಲ್ನೇ ದಿನದ್ದು ಬಿಟ್ಟು ಮಿಕ್ಕಿದ್ದರ ಸರಾಸರಿ ತೆಗೀರಿ. ಮನೇಲಿ ನೋಡಿದ ಸರಾಸರಿ 135/85 ಅಥವಾ ಅದಕ್ಕಿಂತ ಮೇಲಿದ್ರೆ ಜಾಸ್ತಿ ಅಂತ ಲೆಕ್ಕ, ಡಾಕ್ಟರ್‌ಗೆ ಹೇಳಿ, ನೀವಾಗೇ ಮಾತ್ರೆ ಹೆಚ್ಚು ಕಮ್ಮಿ ಮಾಡ್ಬೇಡಿ. 180/120 ದಾಟಿದ್ರೆ ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿ, ಇಳೀದಿದ್ರೆ ಅವತ್ತೇ ಡಾಕ್ಟರ್‌ಗೆ ಫೋನ್ ಮಾಡಿ. ಆದ್ರೆ ಎದೆನೋವು, ಉಸಿರುಕಟ್ಟೋದು, ಮಾತು ತೊದಲೋದು, ಒಂದು ಕಡೆ ಕೈಕಾಲು ಸೋಲೋದು ಏನಾದ್ರೂ ಇದ್ರೆ ಮಷಿನ್ ಏನೇ ತೋರ್ಸಲಿ, ತಕ್ಷಣ 108.

ಬರೆದಿಡೋಕೆ ಆ್ಯಪ್ ಹಾಕ್ಕೊಟ್ಟೆ, ಅಮ್ಮ ಎರಡೇ ದಿನಕ್ಕೆ ಬಿಟ್ಳು. ಆಮೇಲೆ ನೋಡಿದ್ರೆ ಹಾಲಿನ ಲೆಕ್ಕ ಬರೆಯೋ ಗೋಡೆ ಕ್ಯಾಲೆಂಡರಲ್ಲೇ, ಲೀಟರ್ ಪಕ್ಕದಲ್ಲಿ ಬಿಪಿನೂ ಬರೀತಿದಾಳೆ! ಈಗ ವಾರಕ್ಕೊಂದ್ಸಲ ಅದರ ಫೋಟೋ ವಾಟ್ಸಾಪಲ್ಲಿ ಬರತ್ತೆ, ನಾನು ಇಲ್ಲಿ ಶೀಟಿಗೆ ಹಾಕ್ಕೊಂಡು ಡಾಕ್ಟರ್‌ಗೆ ತೋರಿಸ್ತೀನಿ. ಅವರಿಗೆ ರೂಢಿ ಇರೋದನ್ನೇ ಹಿಡ್ಕೊಳ್ಳಿ, ಹೊಸದನ್ನ ತುರುಕ್ಬೇಡಿ.

ಡಾಕ್ಟರ್ ದೂರ ಇದ್ರೆ ಸರ್ಕಾರದ ಇ-ಸಂಜೀವಿನಿ ಇದೆ, ದುಡ್ಡಿಲ್ಲ, ಮೊಬೈಲ್ ನಂಬರ್ ಒಟಿಪಿ ಹಾಕಿ ಮನೆಯಿಂದಲೇ ವಿಡಿಯೋದಲ್ಲಿ ಮಾತಾಡಬಹುದು, ಔಷಧಿ ಚೀಟಿ ಫೋನಿಗೇ ಬರತ್ತೆ. ಮೊದಲ ಸಲ ನೀವು ಪಕ್ಕದಲ್ಲಿದ್ದು ಮಾಡಿಸಿ. ಒಟಿಪಿ ಫೋನ್ ಮಾಡಿ ಕೇಳಿದೋರಿಗೆ ಹೇಳ್ಬಾರ್ದು ಅಂತ ಅವತ್ತೇ ಹೇಳ್ಕೊಡಿ. ಒಬ್ರೇ ಇದ್ದು ಮನಸ್ಸಿಗೆ ಬೇಜಾರು, ನಿದ್ದೆ ಬರಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಹಗಲು ರಾತ್ರಿ ಯಾವಾಗ ಬೇಕಾದ್ರೂ, ಕನ್ನಡದಲ್ಲೇ ಮಾತಾಡ್ತಾರೆ. 2022ರಲ್ಲಿ ಶುರುವಾಗಿದ್ದು, ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸೇ.

ಇನ್ನೊಂದು, ಫೋನ್ ಎತ್ತಿದ ತಕ್ಷಣ ಬಿಪಿ ಎಷ್ಟು ಅಂತ ಕೇಳ್ಬೇಡಿ. ನಾನು ದಿನಾ ಕೇಳಿ ಕೇಳಿ ಅಮ್ಮ ನನ್ನ ಫೋನ್ ಎತ್ತೋಕೇ ಹೆದರೋ ಹಾಗಾಗಿತ್ತು, ಜಾಸ್ತಿ ಬಂದ ದಿನ ಬರೀದೆ ಬಿಡ್ತಿದ್ಳು. ಈಗ ಬಿಪಿ ಮಾತು ಭಾನುವಾರ ಮಾತ್ರ. ಮಿಕ್ಕ ದಿನ ಊಟ ಆಯ್ತಾ, ಮಳೆ ಬಂತಾ, ಗೌರಿ ಇವತ್ತು ಎಷ್ಟು ಹಾಲು ಕೊಟ್ಳು ಅಂತ ಕೇಳ್ತೀನಿ, ಗೌರಿ ಅಂದ್ರೆ ನಮ್ಮನೆ ಹಸು.