ಬಸುರಿಯ ಮೂತ್ರ ಪರೀಕ್ಷೆ: ಡಬ್ಬಿ ಹಿಡಿಯುವ ಮುನ್ನ ಇದನ್ನು ಓದಿ

ಲ್ಯಾಬಿನ ಕಿಟಕಿಯ ಹಿಂದೆ ಕುಳಿತು ಬಸುರಿಯರಿಂದ ಮೂತ್ರದ ಡಬ್ಬಿ ಪಡೆದುಕೊಳ್ಳುವ ಕೆಲಸವನ್ನು ಬಹಳ ವರ್ಷ ಮಾಡಿದ್ದೇನೆ. ‘ಇದರಲ್ಲಿ ಸ್ವಲ್ಪ ಹಿಡಿದುಕೊಂಡು ಬನ್ನಿ’ ಎಂಬ ಒಂದೇ ಮಾತು ಹೇಳಿ ಅವರನ್ನು ಬಚ್ಚಲಿಗೆ ಕಳಿಸುವುದನ್ನೂ ಅಷ್ಟೇ ವರ್ಷ ನೋಡಿದ್ದೇನೆ. ಹೇಗೆ ಹಿಡಿಯಬೇಕೆಂದು ಯಾರೂ ಹೇಳುವುದಿಲ್ಲ, ಕೇಳಲು ಅವರಿಗೆ ಸಂಕೋಚ. ಎರಡು ದಿನ ಕಳೆದು ವರದಿ ಬರುತ್ತದೆ: ‘ಮಿಶ್ರ ಬೆಳವಣಿಗೆ, ಮತ್ತೊಮ್ಮೆ ಮಾದರಿ ಕಳಿಸಿ.’ ಎಷ್ಟೋ ಮಂದಿ ಮತ್ತೆ ಬರುವುದೇ ಇಲ್ಲ. ಹೀಗೆ ತಪ್ಪಿಹೋದ ಪರೀಕ್ಷೆಗಳ ಸಂಕಟ ನನಗಿನ್ನೂ ಇದೆ.

ಉರಿಯಿಲ್ಲ, ನೋವಿಲ್ಲ, ಮತ್ತೇಕೆ ಪರೀಕ್ಷೆ ಎಂದು ಕೇಳುವವರಿದ್ದಾರೆ. ಉರಿಯಿಲ್ಲದವರಿಗಾಗಿಯೇ ಈ ಪರೀಕ್ಷೆ ಇರುವುದು. ಗರ್ಭಿಣಿಯರಲ್ಲಿ ನೂರಕ್ಕೆ 2ರಿಂದ 10 ಮಂದಿಯ ಮೂತ್ರದಲ್ಲಿ ಬ್ಯಾಕ್ಟೀರಿಯಾ ಯಾವ ಲಕ್ಷಣವನ್ನೂ ತೋರದೆ ಬೆಳೆಯುತ್ತಿರುತ್ತದೆ. ಹೆಚ್ಚಿನವರಲ್ಲಿ ಅದು ಕರುಳಿನಲ್ಲಿ ವಾಸಿಸುವ ಇ. ಕೋಲೈ. ಬೇರೆ ಸಮಯದಲ್ಲಾದರೆ ವೈದ್ಯರು ಇದನ್ನು ಸಾಮಾನ್ಯವಾಗಿ ಹಾಗೆಯೇ ಬಿಡುತ್ತಾರೆ. ಬಸಿರಿನಲ್ಲಿ ಬಿಡುವಂತಿಲ್ಲ. ಪ್ರೊಜೆಸ್ಟರಾನ್ ಹಾರ್ಮೋನು ಮೂತ್ರಪಿಂಡದಿಂದ ಇಳಿಯುವ ನಾಳಗಳನ್ನು ಸಡಿಲಗೊಳಿಸಿರುತ್ತದೆ. ಬೆಳೆಯುವ ಗರ್ಭಕೋಶ ಆ ನಾಳಗಳನ್ನು, ಅದರಲ್ಲೂ ಬಲಗಡೆಯದನ್ನು, ಒತ್ತುತ್ತದೆ. ಮೂತ್ರದ ಹರಿವು ನಿಧಾನವಾಗಿ ರೋಗಾಣುವಿಗೆ ಮೇಲೇರುವ ದಾರಿ ತೆರೆಯುತ್ತದೆ. ಚಿಕಿತ್ಸೆ ಸಿಗದಿದ್ದರೆ ಇಂಥವರಲ್ಲಿ ನೂರಕ್ಕೆ 30ರ ವರೆಗೂ ಮೂತ್ರಪಿಂಡದ ಸೋಂಕಿಗೆ ಗುರಿಯಾಗಬಹುದು. ಆ ಸೋಂಕು ತರುವ ಚಳಿಜ್ವರ ಗರ್ಭಕೋಶವನ್ನು ಕೆರಳಿಸಿ 37 ವಾರ ತುಂಬುವ ಮೊದಲೇ ಹೆರಿಗೆ ನೋವು ತರಿಸಬಲ್ಲದು.

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಪತ್ತೆ ಹಚ್ಚಿ ಔಷಧಿ ಕೊಟ್ಟರೆ ಮೂತ್ರಪಿಂಡದ ಸೋಂಕು ಬಹುಮಟ್ಟಿಗೆ ತಪ್ಪುತ್ತದೆ ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ. ಅವಧಿಗೆ ಮೊದಲಿನ ಹೆರಿಗೆಯೂ ಕಡಿಮೆಯಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆಯಾದರೂ ಆ ಪುರಾವೆ ಅಷ್ಟು ಬಲವಾದದ್ದಲ್ಲ. ನನ್ನ ಮಟ್ಟಿಗೆ ಮೊದಲನೆಯದೊಂದೇ ಪರೀಕ್ಷೆ ಮಾಡಿಸಲು ಸಾಕಾದ ಕಾರಣ.

ಮೊದಲ ಹೆಜ್ಜೆ: ಸರಿಯಾದ ಪರೀಕ್ಷೆಯನ್ನು ಕೇಳಿ

‘ನನ್ನ ಮೂತ್ರ ಪರೀಕ್ಷೆ ಆಗಿದೆ’ ಎನ್ನುವವರಲ್ಲಿ ಅನೇಕರಿಗೆ ಆಗಿರುವುದು ಸಕ್ಕರೆ ಮತ್ತು ಪ್ರೋಟೀನಿನ ಪರೀಕ್ಷೆ. ಅದು ಬೇರೆ, ಇದು ಬೇರೆ. ಇದರ ಹೆಸರು ಕಲ್ಚರ್, ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ. ‘ಕಲ್ಚರ್ ಬರೆದಿದ್ದೀರಾ ಡಾಕ್ಟರ್?’ ಎಂದು ನೇರವಾಗಿ ಕೇಳಿ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಕಲ್ಚರನ್ನೇ ಮುಂದಿಡುತ್ತದೆ. 12ರಿಂದ 16 ವಾರಗಳ ನಡುವೆ ಮಾಡಿಸುವುದು ಒಳ್ಳೆಯದು. ಆ ಸಮಯ ದಾಟಿದ್ದರೆ ಮೊದಲ ಭೇಟಿಯಲ್ಲೇ ಮಾಡಿಸಿ.

ಬಣ್ಣ ಬದಲಾಯಿಸುವ ಪಟ್ಟಿಯನ್ನು ಅಂಗಡಿಯಿಂದ ತಂದು ಮನೆಯಲ್ಲೇ ಅದ್ದಿ ನೋಡಿ ನಿಶ್ಚಿಂತರಾಗುವವರಿದ್ದಾರೆ. ದಯವಿಟ್ಟು ಅದನ್ನು ನಂಬಿ ಕೂರಬೇಡಿ. ಆ ಪಟ್ಟಿ ಮುಖ್ಯವಾಗಿ ಹುಡುಕುವುದು ನೈಟ್ರೈಟನ್ನು, ಅಂದರೆ ಬ್ಯಾಕ್ಟೀರಿಯಾ ಮೂತ್ರದಲ್ಲಿ ತಯಾರಿಸುವ ಒಂದು ರಾಸಾಯನಿಕವನ್ನು. ನೈಟ್ರೈಟ್ ತಯಾರಾಗಲು ಮೂತ್ರ ಮೂತ್ರಕೋಶದಲ್ಲಿ ಸುಮಾರು ನಾಲ್ಕು ಗಂಟೆ ನಿಂತಿರಬೇಕು. ಬಸುರಿಗೆ ಗಂಟೆಗೊಮ್ಮೆ ಎದ್ದು ಹೋಗುವ ಒತ್ತಡ! ಅಲ್ಲದೆ ಕೆಲವು ರೋಗಾಣುಗಳು ನೈಟ್ರೈಟನ್ನು ತಯಾರಿಸುವುದೇ ಇಲ್ಲ. ಪಟ್ಟಿಯ ಬಾಟಲಿಯ ಮುಚ್ಚಳ ತೆರೆದೇ ಉಳಿದು ತೇವ ತಾಗಿದರೆ ಪಟ್ಟಿ ಕೆಡುತ್ತದೆ, ಕೆಟ್ಟಿದೆ ಎಂಬುದು ಕಣ್ಣಿಗೆ ಕಾಣುವುದೂ ಇಲ್ಲ.

ಎರಡನೆಯ ಹೆಜ್ಜೆ: ಡಬ್ಬಿ

ಲ್ಯಾಬ್ ಕೊಟ್ಟ, ಸೀಲ್ ಒಡೆಯದ, ಸ್ಟೆರೈಲ್ (ರೋಗಾಣುಮುಕ್ತ) ಡಬ್ಬಿಯೇ ಆಗಬೇಕು. ಎಷ್ಟೇ ಕುದಿಸಿ ತೊಳೆದಿದ್ದರೂ ಮನೆಯ ಬಾಟಲಿ ಬೇಡ.

ಮೂರನೆಯ ಹೆಜ್ಜೆ: ಹಿಡಿಯುವುದು

ಪರೀಕ್ಷೆ ಗೆಲ್ಲುವುದೂ ಸೋಲುವುದೂ ಇಲ್ಲಿಯೇ. ಮೂತ್ರ ಹೊರಬರುವ ದಾರಿಯ ಸುತ್ತಲಿನ ಚರ್ಮದ ಮೇಲೆ ಬ್ಯಾಕ್ಟೀರಿಯಾ ಯಾವಾಗಲೂ ಇರುತ್ತದೆ. ಬಸಿರಿನಲ್ಲಿ ಬಿಳಿ ಸ್ರಾವವೂ ಹೆಚ್ಚು. ಅವೆರಡೂ ಡಬ್ಬಿಗೆ ಬೀಳದಂತೆ, ಮೂತ್ರಕೋಶದಲ್ಲಿ ಇರುವುದಷ್ಟನ್ನೇ ಹಿಡಿಯಬೇಕು.

ಬೆಳಗಿನ ಮೊದಲ ಮೂತ್ರ ಶ್ರೇಷ್ಠ. ಆಗದಿದ್ದರೆ ತಡೆದುಕೊಳ್ಳಲು ಸಾಧ್ಯವಾದಷ್ಟು ಹೊತ್ತಿನ ನಂತರದ್ದು. ‘ಬೇಗ ಬರಲಿ’ ಎಂದು ಸಾಲಿನಲ್ಲಿ ನಿಂತೇ ಒಂದು ಲೀಟರ್ ನೀರು ಕುಡಿಯಬೇಡಿ. ಮೂತ್ರ ತೆಳುವಾದರೆ ಬ್ಯಾಕ್ಟೀರಿಯಾದ ಎಣಿಕೆಯೂ ಕೆಳಗಿಳಿದು, ಇರುವ ಸೋಂಕು ಇಲ್ಲವೆಂದಾಗಬಹುದು.

ಸೋಪಿನಿಂದ ಕೈ ತೊಳೆದು ಒರೆಸಿಕೊಳ್ಳಿ. ಮುಚ್ಚಳ ತೆರೆದು, ಒಳಬದಿ ಮೇಲಾಗಿರುವಂತೆ ಪಕ್ಕದಲ್ಲಿಡಿ. ಡಬ್ಬಿಯ ಒಳಗಾಗಲಿ ಅಂಚಿಗಾಗಲಿ ಬೆರಳು ತಾಗಬಾರದು. ಕಾಲುಗಳನ್ನು ಚೆನ್ನಾಗಿ ಅಗಲಿಸಿ ಕುಳಿತು, ಎಡಗೈ ಬೆರಳುಗಳಿಂದ ಯೋನಿಯ ತುಟಿಗಳನ್ನು ಬಿಡಿಸಿ ಹಿಡಿಯಿರಿ. ಶುಭ್ರ ನೀರಿನಲ್ಲಿ ತೊಯ್ದ ಹತ್ತಿಯಿಂದ ಮುಂದಿನಿಂದ ಹಿಂದಕ್ಕೆ ಒಮ್ಮೆ ಒರೆಸಿ ಅದನ್ನು ಎಸೆಯಿರಿ. ಹೊಸ ಹತ್ತಿಯಿಂದ ಮತ್ತೊಮ್ಮೆ ಹಾಗೆಯೇ ಮಾಡಿ. ಹಿಂದಿನಿಂದ ಮುಂದಕ್ಕೆ ಎಂದೂ ಬೇಡ, ಮಲದ್ವಾರದ ಬ್ಯಾಕ್ಟೀರಿಯಾ ಮುಂದಕ್ಕೆ ಬರುತ್ತದೆ. ಡೆಟಾಲಿನಂಥ ದ್ರಾವಣ, ಸುಗಂಧದ ವಾಶ್ ಯಾವುದನ್ನೂ ಹಚ್ಚಬೇಡಿ. ಅದರ ಒಂದು ಹನಿ ಡಬ್ಬಿಗೆ ಬಿದ್ದರೂ ರೋಗಾಣು ಸತ್ತು ವರದಿ ಸುಳ್ಳಾಗಬಹುದು.

ಎಡಗೈ ತೆಗೆಯಬೇಡಿ. ಹೆಚ್ಚಿನವರು ಎಡವುವುದು ಈ ಜಾಗದಲ್ಲಿ: ಒರೆಸಿದ ಮೇಲೆ ಡಬ್ಬಿ ಎತ್ತಿಕೊಳ್ಳಲು ಎರಡೂ ಕೈ ಬಿಡುತ್ತಾರೆ, ಚರ್ಮ ಮತ್ತೆ ಕೂಡಿಕೊಳ್ಳುತ್ತದೆ, ಒರೆಸಿದ್ದು ವ್ಯರ್ಥವಾಗುತ್ತದೆ. ಆದ್ದರಿಂದ ಡಬ್ಬಿಯನ್ನು ಮೊದಲೇ ಬಲಗೈಗೆ ಎಟುಕುವಂತೆ ಇಟ್ಟುಕೊಂಡಿರಿ. ಈಗ ಮೂತ್ರ ಬಿಡಿ. ಮೊದಲ ಧಾರೆ ಕೆಳಗೆ ಹೋಗಲಿ, ಮನಸ್ಸಿನಲ್ಲಿ ಮೂರು ಎಣಿಸಿ. ಧಾರೆಯನ್ನು ತಡೆಯದೆ, ಹರಿಯುತ್ತಿರುವಾಗಲೇ ಡಬ್ಬಿಯನ್ನು ಒಳಗೆ ತನ್ನಿ. ಮೂರನೆಯ ಒಂದು ಭಾಗ ತುಂಬಿದರೆ ಧಾರಾಳ. ಧಾರೆ ನಿಲ್ಲುವ ಮೊದಲೇ ಡಬ್ಬಿಯನ್ನು ಹೊರಗೆ ತೆಗೆದು, ಉಳಿದದ್ದನ್ನು ಕೆಳಗೆ ಬಿಡಿ. ನಡುಧಾರೆ ಎಂದರೆ ಇಷ್ಟೇ. ಮೊದಲ ಧಾರೆ ಮೂತ್ರದ್ವಾರವನ್ನು ತೊಳೆಯುತ್ತದೆ, ನಮಗೆ ಬೇಕಾದದ್ದು ಅದರ ಹಿಂದೆ ಬರುತ್ತದೆ. ಡಬ್ಬಿ ಚರ್ಮಕ್ಕೆ, ಬಟ್ಟೆಗೆ ತಾಗಬಾರದು.

ಏಳನೆಯ ತಿಂಗಳ ನಂತರ ಹೊಟ್ಟೆ ಅಡ್ಡ ಬಂದು ಏನೂ ಕಾಣುವುದಿಲ್ಲ. ಆಗ ತಾಯಿಯನ್ನೋ ಅಕ್ಕನನ್ನೋ ನರ್ಸನ್ನೋ ಜೊತೆಗೆ ಕರೆದುಕೊಂಡು ಹೋಗಿ. ನೆಲ ಒದ್ದೆಯಿರುತ್ತದೆ, ಒಂಟಿಯಾಗಿ ಸರ್ಕಸ್ ಮಾಡಬೇಡಿ. ಇದರಲ್ಲಿ ನಾಚುವಂಥದ್ದು ಏನೂ ಇಲ್ಲ.

ನಾಲ್ಕನೆಯ ಹೆಜ್ಜೆ: ತಲುಪಿಸುವುದು

ಹೆಸರು, ದಿನಾಂಕ, ಹಿಡಿದ ಸಮಯ ಬರೆದು ಕೂಡಲೇ ಕೊಡಿ. ಎರಡು ಗಂಟೆಯೊಳಗೆ ಲ್ಯಾಬ್ ತಲುಪಬೇಕು, ಇಲ್ಲವೇ ಫ್ರಿಜ್ಜಿನಲ್ಲಿರಬೇಕು. ಫ್ರಿಜ್ಜಿನಲ್ಲಾದರೂ 24 ಗಂಟೆಗಿಂತ ಹೆಚ್ಚು ಬೇಡ. ಒಬ್ಬ ಹುಡುಗಿ ಡಬ್ಬಿಯನ್ನು ಕರವಸ್ತ್ರದಲ್ಲಿ ಜೋಪಾನವಾಗಿ ಸುತ್ತಿ ಕೈಚೀಲದಲ್ಲಿಟ್ಟು ಬೆಳಗಿನಿಂದ ಸಾಲಿನಲ್ಲಿ ನಿಂತಿದ್ದಳು. ನನ್ನ ಕೈಗೆ ಬಂದಾಗ ಡಬ್ಬಿ ಬೆಚ್ಚಗಿತ್ತು. ಅನುಕೂಲ ಸಿಕ್ಕರೆ ಇ. ಕೋಲೈ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಆ ಲೆಕ್ಕದಲ್ಲಿ ಮೂರು ಗಂಟೆಗೆ ಒಂದು ಇದ್ದದ್ದು ಐನೂರಕ್ಕೂ ಹೆಚ್ಚು. ಅವಳ ಜೋಪಾನವೇ ಮಾದರಿಯನ್ನು ಕೆಡಿಸಿತ್ತು. ಅದಕ್ಕೇ ನಾನು ಹಟ ಹಿಡಿದು ಹೇಳುವುದು: ಎರಡು ಗಂಟೆಯೊಳಗೆ ತಲುಪಿಸಲು ಅಥವಾ ಫ್ರಿಜ್ಜಿನಲ್ಲಿಡಲು ಆಗದಿದ್ದರೆ ಬೆಳಗಿನ ಮೂತ್ರವನ್ನೂ ಮನೆಯಿಂದ ತರಬೇಡಿ, ಲ್ಯಾಬಿನ ಬಚ್ಚಲಲ್ಲೇ ಹಿಡಿಯಿರಿ. ಈಗಾಗಲೇ ಯಾವುದಾದರೂ ಆಂಟಿಬಯೋಟಿಕ್ ನುಂಗುತ್ತಿದ್ದರೆ ಡಬ್ಬಿ ಕೊಡುವಾಗಲೇ ತಿಳಿಸಿ.

ಐದನೆಯ ಹೆಜ್ಜೆ: ವರದಿ ಓದುವುದು

ನಾವು ಮಿಲಿಲೀಟರಿನ ಸಾವಿರದ ಒಂದು ಭಾಗ ಹಿಡಿಯುವ ಚಿಕ್ಕ ತಂತಿಯ ಕುಣಿಕೆಯನ್ನು ಮೂತ್ರದಲ್ಲಿ ಅದ್ದಿ, ಬ್ಯಾಕ್ಟೀರಿಯಾಗೆ ಆಹಾರ ತುಂಬಿದ ತಟ್ಟೆಯ ಮೇಲೆ ಗೀರಿ, ದೇಹದ ಬಿಸಿಯಲ್ಲಿ ಒಂದು ರಾತ್ರಿ ಇಡುತ್ತೇವೆ. ಬೆಳಿಗ್ಗೆ ಸಾಸಿವೆಯಷ್ಟು ಚುಕ್ಕೆಗಳು ಮೂಡಿರುತ್ತವೆ. ಒಂದು ಚುಕ್ಕೆ ಎಂದರೆ ಮಿಲಿಲೀಟರಿಗೆ 1,000 ಬ್ಯಾಕ್ಟೀರಿಯಾ. ಒಂದೇ ಬಗೆಯ ನೂರು ಚುಕ್ಕೆಗಳಿದ್ದರೆ 1,00,000. ಸಾಮಾನ್ಯವಾಗಿ ಸೋಂಕು ಎಂದು ಒಪ್ಪುವ ಗೆರೆ ಅದು. ಬಗೆಬಗೆಯ ಚುಕ್ಕೆಗಳು ಒಟ್ಟಿಗೆ ಬಂದರೆ ‘ಮಿಶ್ರ ಬೆಳವಣಿಗೆ’, ಅಂದರೆ ಚರ್ಮದಿಂದ ಬೆರೆತದ್ದು. ಅದಕ್ಕೆ ಮಾತ್ರೆಯಲ್ಲ, ಇನ್ನೊಂದು ಮಾದರಿ ಬೇಕು. ಹಾಗೆಯೇ ‘ಕೀವುಕಣ 6–8’ ಎಂಬ ಒಂದು ಸಾಲನ್ನು ನೋಡಿ ಔಷಧಿ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗುವುದು ದೊಡ್ಡ ತಪ್ಪು. ಬಿಳಿ ಸ್ರಾವದಿಂದಲೂ ಆ ಕಣಗಳು ಬರುತ್ತವೆ.

ಆರನೆಯ ಹೆಜ್ಜೆ: ಔಷಧಿ

ವೈದ್ಯರು ಬರೆದದ್ದನ್ನು ಬರೆದಷ್ಟು ದಿನ ಮುಗಿಸಿ. ಯಾವ ಔಷಧಿ ಎಂಬುದು ವರದಿಯಲ್ಲಿರುವ ಸೆನ್ಸಿಟಿವಿಟಿ ಪಟ್ಟಿಯನ್ನೂ (ಯಾವ ಔಷಧಿಗೆ ಆ ರೋಗಾಣು ಮಣಿಯುತ್ತದೆ ಎಂಬ ಪಟ್ಟಿ) ಬಸಿರಿನ ವಾರವನ್ನೂ ನೋಡಿ ತೀರ್ಮಾನವಾಗುತ್ತದೆ. ನೈಟ್ರೋಫ್ಯುರಾಂಟಾಯಿನ್ ದಿನ ತುಂಬುವ ಹೊತ್ತಿಗೆ ಬೇಡ. ಟ್ರೈಮೆಥೊಪ್ರಿಮ್ ಮೊದಲ ಮೂರು ತಿಂಗಳಲ್ಲಿ ಸಾಮಾನ್ಯವಾಗಿ ಬೇಡ. ಆದ್ದರಿಂದ ಕಳೆದ ವರ್ಷ ಅಕ್ಕನಿಗೆ ಕೊಟ್ಟ ಮಾತ್ರೆ ಈ ವರ್ಷ ತಂಗಿಗೆ ಆಗುವುದಿಲ್ಲ. ‘ಮೂತ್ರದ ಉರಿಗೆ’ ಎಂದು ಮಾರುವ ಸಿರಪ್ಪು, ಪುಡಿಗಳು ಉರಿಯನ್ನು ತುಸು ತಣಿಸಬಹುದು, ರೋಗಾಣುವನ್ನು ಕೊಲ್ಲುವುದಿಲ್ಲ. ಉರಿ ಹೋಯಿತೆಂದು ಮನೆಯಲ್ಲೇ ಉಳಿಯುವಂತೆ ಮಾಡುತ್ತವೆ ಎಂಬುದಕ್ಕೇ ಅವುಗಳ ಮೇಲೆ ನನಗೆ ಸಿಟ್ಟು.

ಮಾತ್ರೆ ಮುಗಿದು ಒಂದು ವಾರದ ಸುಮಾರಿಗೆ ಮತ್ತೆ ಕಲ್ಚರ್ ಮಾಡಿಸಿ. ಒಮ್ಮೆ ಬಂದವರಲ್ಲಿ ಅದು ಮರಳುವುದು ಸಾಮಾನ್ಯ, ಹೆರಿಗೆಯವರೆಗೆ ಆಗಾಗ ನೋಡುತ್ತಿರಬೇಕಾಗಬಹುದು.

ನಡುವೆ ಯಾವ ದಿನವಾದರೂ ಜ್ವರ, ಮೈನಡುಕ, ಪಕ್ಕೆಯ ಹಿಂಭಾಗದಲ್ಲಿ ನೋವು, ವಾಂತಿ, ಮೂತ್ರದಲ್ಲಿ ರಕ್ತ, ಬಿಟ್ಟು ಬಿಟ್ಟು ಹೊಟ್ಟೆ ಬಿಗಿಯುವುದು ಕಂಡುಬಂದರೆ ಲ್ಯಾಬಿಗಲ್ಲ, ನೇರವಾಗಿ ಆಸ್ಪತ್ರೆಗೆ ಹೋಗಿ, ಅದೇ ದಿನ.

ಇನ್ನೊಂದು ವಿಷಯ ಬಾಕಿಯಿದೆ. ವರದಿಯಲ್ಲಿ ‘ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್’ (ಹೆರಿಗೆಯಲ್ಲಿ ಮಗುವಿಗೆ ತಗಲಬಲ್ಲ ಬ್ಯಾಕ್ಟೀರಿಯಾ) ಎಂದಿದ್ದರೆ, ಎಣಿಕೆ ಎಷ್ಟೇ ಕಡಿಮೆಯಿರಲಿ, ಹೆರಿಗೆ ನೋವಿನ ಸಮಯದಲ್ಲೂ ಆಂಟಿಬಯೋಟಿಕ್ ಕೊಡುವ ಬಗ್ಗೆ ವೈದ್ಯರು ನಿರ್ಧರಿಸಬೇಕಾಗುತ್ತದೆ. ಆ ರಾತ್ರಿ ಕರ್ತವ್ಯದಲ್ಲಿರುವವರು ನಿಮ್ಮನ್ನು ಮೊದಲು ಕಂಡವರೇ ಆಗಿರಬೇಕೆಂದಿಲ್ಲ. ಆ ಹೆಸರನ್ನು ತಾಯಿ ಕಾರ್ಡಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಿಂದ ಬರೆಸಿಕೊಂಡು, ಜೊತೆಗೆ ಬರುವವರಿಗೂ ತಿಳಿಸಿಡಿ.