ಎಂಟು ಲಕ್ಷದ ನೇಮಕಾತಿ ಪತ್ರ, ನಲವತ್ತೇಳು ಸಾವಿರದ ಸಂಬಳ

ಬಿ.ಕಾಂ. ಅಥವಾ ಎಂ.ಬಿ.ಎ. ಫೈನಾನ್ಸ್ ಮುಗಿಸಿ ಬೆಂಗಳೂರಿನ ಹಣಕಾಸು ಸಂಸ್ಥೆಯೊಂದರಿಂದ ನೇಮಕಾತಿ ಪತ್ರ ಪಡೆದವರು, ಅದರಲ್ಲಿರುವ ಸಿಟಿಸಿಯನ್ನು ಹನ್ನೆರಡರಿಂದ ಭಾಗಿಸಿ ತಿಂಗಳ ಸಂಬಳವೆಂದು ಭಾವಿಸಬಾರದು. ಸಿಟಿಸಿ ಎಂದರೆ ನಿಮಗಾಗಿ ಸಂಸ್ಥೆ ಮಾಡುವ ಒಟ್ಟು ವೆಚ್ಚವೇ ಹೊರತು ನಿಮ್ಮ ಕೈಸೇರುವ ಹಣವಲ್ಲ.

ಉದಾಹರಣೆಗೆ, ವರ್ಷಕ್ಕೆ 8,00,000 ರೂಪಾಯಿಯ ಸಿಟಿಸಿಯಲ್ಲಿ 80,000 ವೇರಿಯಬಲ್ ಪೇ (ಕೆಲಸದ ಫಲಿತಾಂಶ ನೋಡಿ ಕೊಡುವ ಹಣ), 50,000 ಜಾಯ್ನಿಂಗ್ ಬೋನಸ್ (ಕೆಲಸಕ್ಕೆ ಸೇರಿದ್ದಕ್ಕೆ ಒಮ್ಮೆ ಕೊಡುವ ಹಣ) ಸೇರಿದ್ದು, ಮೂಲ ವೇತನ ತಿಂಗಳಿಗೆ 30,000 ಇದೆ ಎಂದುಕೊಳ್ಳಿ. ಮೂಲ ವೇತನದ ಶೇ. 12ರಂತೆ ಸಂಸ್ಥೆ ವರ್ಷಕ್ಕೆ ಕಟ್ಟುವ ಭವಿಷ್ಯ ನಿಧಿಯ 43,200 ಮತ್ತು ಶೇ. 4.81ರ ಲೆಕ್ಕದ ಗ್ರಾಚ್ಯುಟಿಯ (ದೀರ್ಘ ಸೇವೆಗಾಗಿ ಕೆಲಸ ಬಿಡುವಾಗ ಕೊಡುವ ಇಡುಗಂಟು) 17,316 ಕೂಡ ಇದೇ ಎಂಟು ಲಕ್ಷದೊಳಗೆ ಬರುತ್ತವೆ. ಇವೆಲ್ಲವನ್ನೂ ಕಳೆದರೆ ತಿಂಗಳಿಗೆ ಉಳಿಯುವುದು ಸುಮಾರು 50,790. ಅದರಿಂದ ನಿಮ್ಮ ಪಾಲಿನ ಭವಿಷ್ಯ ನಿಧಿ 3,600 ಮತ್ತು ಕರ್ನಾಟಕದ ವೃತ್ತಿ ತೆರಿಗೆ 200 ಕಡಿತವಾಗಿ 46,990 ಖಾತೆಗೆ ಜಮೆಯಾಗುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ 12.75 ಲಕ್ಷದವರೆಗಿನ ಸಂಬಳಕ್ಕೆ ಆದಾಯ ತೆರಿಗೆ ಇಲ್ಲದಿರುವುದು ಈ ಹಂತದವರಿಗೆ ದೊಡ್ಡ ಸಮಾಧಾನ. ಭವಿಷ್ಯ ನಿಧಿ ನಿಮ್ಮ ಹೆಸರಿನಲ್ಲೇ ಬೆಳೆಯುವುದರಿಂದ ಅದು ನಷ್ಟವಲ್ಲ. ಆದರೆ ಕಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷ ತುಂಬಿದ ಮೇಲಷ್ಟೇ ಸಿಗುವ ಗ್ರಾಚ್ಯುಟಿಯನ್ನು, ಎರಡು ವರ್ಷಕ್ಕೇ ಕೆಲಸ ಬದಲಿಸುವ ಯೋಚನೆಯಿರುವವರು ಲೆಕ್ಕದಿಂದ ಬಿಡುವುದೇ ಲೇಸು.

ಹೆಚ್ಚಿನ ಎಚ್ಚರ ಬೇಕಾಗಿರುವುದು ವೇರಿಯಬಲ್ ಪೇ ವಿಷಯದಲ್ಲಿ. ಪತ್ರದಲ್ಲಿ ಬರೆದಿರುವುದು ಗುರಿಯ ಮೊತ್ತವೇ ಹೊರತು ಭರವಸೆಯ ಮೊತ್ತವಲ್ಲ. ಅನೇಕ ಸಂಸ್ಥೆಗಳು ಅದನ್ನು ಸಂಸ್ಥೆಯ ಫಲಿತಾಂಶ, ನಿಮ್ಮ ರೇಟಿಂಗ್ (ಕೆಲಸಕ್ಕೆ ಸಂಸ್ಥೆ ಕೊಡುವ ಅಂಕ) ಹಾಗೂ ಆ ವರ್ಷ ನೀವು ದುಡಿದ ತಿಂಗಳುಗಳಿಂದ ಗುಣಿಸುತ್ತವೆ. ಏಪ್ರಿಲ್-ಮಾರ್ಚ್ ವರ್ಷ ಪಾಲಿಸುವಲ್ಲಿ ಜುಲೈ ಮೊದಲ ದಿನ ಸೇರಿದ್ದು, ಸಂಸ್ಥೆ ಶೇ. 80 ಘೋಷಿಸಿ ನಿಮ್ಮ ರೇಟಿಂಗ್ ಪೂರ್ಣವಾಗಿದ್ದರೂ, 80,000ದಲ್ಲಿ ಒಂಬತ್ತು ತಿಂಗಳ ಪಾಲಾಗಿ ಬರುವುದು 48,000 ಮಾತ್ರ. ಪಾವತಿಯ ದಿನ ನೋಟಿಸ್ ಅವಧಿಯಲ್ಲಿದ್ದವರಿಗೆ ಅದೂ ಇಲ್ಲವೆಂಬ ಷರತ್ತು ಸಾಮಾನ್ಯವಾದ್ದರಿಂದ, ರಾಜೀನಾಮೆಯ ದಿನಾಂಕವನ್ನು ಈ ಹಣ ಖಾತೆಗೆ ಬಂದ ಬಳಿಕವೇ ನಿರ್ಧರಿಸುವವರು ಜಾಣರು.

ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ 1965ರ ಬೋನಸ್ ಪಾವತಿ ಕಾಯ್ದೆ ನಿಗದಿಪಡಿಸಿದ್ದ, ಈಗ ವೇತನ ಸಂಹಿತೆಯೊಳಗೆ ಸೇರಿರುವ, ಕನಿಷ್ಠ ಶೇ. 8.33ರ ಶಾಸನಬದ್ಧ ಬೋನಸ್ ಈ ವೇರಿಯಬಲ್ ಪೇಗಿಂತ ಬೇರೆಯದು. ಅದು ಮೇಲಧಿಕಾರಿಯ ಮರ್ಜಿಯ ಮೇಲೆ ನಿಂತಿಲ್ಲ.

ಜಾಯ್ನಿಂಗ್ ಬೋನಸ್ ಮೊದಲ ವರ್ಷಕ್ಕೆ ಮಾತ್ರ ಸಿಗುವುದರಿಂದ, ಅದನ್ನು ಸಿಟಿಸಿಯೊಳಗೆ ತುಂಬಿದ್ದರೆ ಎರಡನೆಯ ವರ್ಷದ ಸಂಬಳ ಏರಿದರೂ ಒಟ್ಟು ಮೊತ್ತ ಇಳಿಯಬಹುದು. ಒಂದೆರಡು ವರ್ಷದೊಳಗೆ ಬಿಟ್ಟರೆ ಹಿಂತಿರುಗಿಸಬೇಕೆಂಬ ಕರಾರು ಇದ್ದರೆ, ಪೂರ್ತಿ ಮೊತ್ತವೋ ಉಳಿದ ತಿಂಗಳುಗಳ ಪಾಲೋ ಎಂಬುದನ್ನು ಸಹಿ ಹಾಕುವ ಮೊದಲೇ ಎಚ್.ಆರ್. ವಿಭಾಗಕ್ಕೆ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಜೋಪಾನವಾಗಿಡಿ. ಫೋನಿನಲ್ಲಿ ಹೇಳಿದ ಮಾತು ಕೆಲಸ ಬಿಡುವಾಗಿನ ರಿಲೀವಿಂಗ್ ಲೆಕ್ಕಕ್ಕೆ ಬರುವುದಿಲ್ಲ.