ಜಪಾನಿಗೆ ವ್ಯವಹಾರ ಪ್ರವಾಸ: ಸಭೆ, ಊಟ, ಸುತ್ತಾಟ ಹೊಂದಿಸಿಕೊಳ್ಳುವುದು ಹೇಗೆ?

ಕೆಲಸದ ಮೇಲೆ ಒಂದು ವಾರದ ಮಟ್ಟಿಗೆ ಜಪಾನಿಗೆ ಹೋಗುವವರು ಸಭೆಗಳನ್ನು ಮೊದಲ ದಿನಗಳಲ್ಲಿಯೇ ಇಟ್ಟುಕೊಂಡು ಸುತ್ತಾಟವನ್ನು ಕೊನೆಗೆ ಉಳಿಸಿಕೊಳ್ಳುವುದು ಒಳ್ಳೆಯದು. ಸಭೆಯಲ್ಲಿ ಎದ್ದ ಪ್ರಶ್ನೆಗಳಿಗೆ ಉತ್ತರ ಪಡೆಯಲು ಜಪಾನಿ ಕಂಪನಿಯವರು ಮರುದಿನ ಮತ್ತೊಮ್ಮೆ ಕರೆಯುವುದುಂಟು. ದಿನ ಗೊತ್ತುಮಾಡುವಾಗ ಏಪ್ರಿಲ್ ಕೊನೆಯಿಂದ ಮೇ ಆರಂಭದವರೆಗಿನ ‘ಗೋಲ್ಡನ್ ವೀಕ್’, ಆಗಸ್ಟ್ ಮಧ್ಯದ ಪಿತೃಸ್ಮರಣೆಯ ಹಬ್ಬ ಓಬೋನ್ ಮತ್ತು ಹೊಸ ವರ್ಷದ ರಜೆಗಳನ್ನು ಬಿಟ್ಟುಬಿಡಿ.

ದಿನ ನಿಶ್ಚಯವಾದ ಕೂಡಲೇ ಇ-ಮೇಲ್‌ನಲ್ಲಿ ಎಲ್ಲವನ್ನೂ ಬರೆದು ತಿಳಿಸಬೇಕು: ಬರುವವರ ಹೆಸರು ಮತ್ತು ಹುದ್ದೆ, ಚರ್ಚೆಯ ವಿಷಯ, ತೋರಿಸಲಿರುವ ಸ್ಲೈಡುಗಳು, ಜೊತೆಗೆ ನಿಮ್ಮ ಊಟದ ಕಟ್ಟುಪಾಡು. ಅಲ್ಲಿ ಹೋದ ಮೇಲೆ ಮಾತಾಡಿದರಾಯಿತು ಎಂಬ ನಮ್ಮ ರೂಢಿ ಅಲ್ಲಿ ನಡೆಯುವುದಿಲ್ಲ. ಮೊದಲೇ ತಿಳಿಸಿದ್ದಕ್ಕೆ ಅವರು ಅಚ್ಚುಕಟ್ಟಾಗಿ ಏರ್ಪಾಡು ಮಾಡುತ್ತಾರೆ, ಕೊನೆಯ ಗಳಿಗೆಯಲ್ಲಿ ಕೇಳಿದ್ದು ಎಷ್ಟೇ ಸಣ್ಣದಾದರೂ ಅವರನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ.

ಸಭೆಯ ದಿನ ಐದು ನಿಮಿಷ ಮುಂಚೆಯೇ ಸ್ವಾಗತ ಕೌಂಟರ್‌ನಲ್ಲಿರಿ. ಕೋಣೆಯಲ್ಲಿ ಬಾಗಿಲಿನಿಂದ ದೂರದ ಕುರ್ಚಿಗಳು ಅತಿಥಿಗಳವು. ಸಂಕೋಚದಿಂದ ಬಾಗಿಲ ಬಳಿ ಕುಳಿತರೆ ಆತಿಥೇಯರಿಗೆ ಮುಜುಗರವಾಗುವುದರಿಂದ ಅವರು ತೋರಿಸಿದಲ್ಲೇ ಕುಳಿತುಕೊಳ್ಳಬೇಕು. ಅದಕ್ಕೂ ಮುಂಚೆ ನಿಂತುಕೊಂಡೇ ವಿಸಿಟಿಂಗ್ ಕಾರ್ಡ್ ವಿನಿಮಯ ನಡೆಯುತ್ತದೆ. ಎರಡೂ ತಂಡಗಳ ಹಿರಿಯರಿಂದ ಆರಂಭಿಸಿ, ಅಕ್ಷರಗಳು ಎದುರಿನವರಿಗೆ ನೇರವಾಗಿ ಕಾಣುವಂತೆ ಹಿಡಿದು ಎರಡು ಕೈಗಳಿಂದ ಕೊಡಬೇಕು. ಪಡೆದ ಕಾರ್ಡನ್ನು ಓದಿ, ಎದುರು ಕುಳಿತವರ ಕ್ರಮದಲ್ಲಿಯೇ ಮೇಜಿನ ಮೇಲೆ ಜೋಡಿಸಿಟ್ಟುಕೊಂಡರೆ ಯಾರು ಯಾರೆಂಬ ಗೊಂದಲವೂ ತಪ್ಪುತ್ತದೆ. ಅದರ ಮೇಲೆ ಟಿಪ್ಪಣಿ ಬರೆಯುವುದು, ಪ್ಯಾಂಟಿನ ಹಿಂದಿನ ಜೇಬಿಗೆ ಸೇರಿಸುವುದು ಅಗೌರವ.

ಮೊದಲ ಸಭೆಯಲ್ಲಿಯೇ ತೀರ್ಮಾನ ಸಿಗಲಿಲ್ಲವೆಂದು ಬೇಸರಪಡಬೇಕಾಗಿಲ್ಲ. ‘ರಿಂಗಿ’ ಪದ್ಧತಿಯಿರುವ ಕಂಪನಿಗಳಲ್ಲಿ ಪ್ರಸ್ತಾವದ ಪತ್ರವು ವಿಭಾಗದಿಂದ ವಿಭಾಗಕ್ಕೆ ಸುತ್ತಿ, ಸಂಬಂಧಪಟ್ಟವರೆಲ್ಲರ ಒಪ್ಪಿಗೆ ಬಿದ್ದ ಮೇಲೆಯೇ ಉತ್ತರ ಹೊರಬರುತ್ತದೆ. ಎದುರಿನವರು ತಲೆಯಾಡಿಸಿದರೆ ಕೇಳಿಸಿಕೊಳ್ಳುತ್ತಿದ್ದಾರೆ ಎಂದಷ್ಟೇ ಭಾವಿಸಿ. ‘ಪರಿಶೀಲಿಸುತ್ತೇವೆ’ ಎಂಬುದು ಕೆಲವೊಮ್ಮೆ ಸೌಜನ್ಯದ ನಿರಾಕರಣೆಯೂ ಆಗಿರುತ್ತದೆ. ಯಾರು, ಏನನ್ನು, ಯಾವಾಗ ಕಳುಹಿಸಬೇಕೆಂಬುದನ್ನು ಅದೇ ಸಂಜೆ ಬರೆದು ಕಳುಹಿಸಿ.

ಸಸ್ಯಾಹಾರಿಗಳಿಗೆ ಊಟವೇ ದೊಡ್ಡ ಪರೀಕ್ಷೆ. ಮಾಂಸ ಕಣ್ಣಿಗೆ ಬೀಳದ ಸೂಪು, ಸೋಬಾ ಶಾವಿಗೆಯ ಸಾರು, ಬೇಯಿಸಿದ ತರಕಾರಿಗಳಲ್ಲಿಯೂ ಒಣಮೀನಿನಿಂದ ತೆಗೆದ ‘ದಾಶಿ’ ಸಾಮಾನ್ಯವಾಗಿ ಇರುತ್ತದೆ. ಆದ್ದರಿಂದ ‘ಸಸ್ಯಾಹಾರಿ’ ಎಂದಷ್ಟೇ ಬರೆದರೆ ಸಾಲದು. ಮಾಂಸ, ಮೀನು, ಮೀನಿನ ದಾಶಿ, ಮೊಟ್ಟೆ ಇವುಗಳಲ್ಲಿ ಯಾವುದು ಬೇಡವೆಂದು ಬಿಡಿಸಿ ಬರೆದ ಜಪಾನಿ ಚೀಟಿಯೊಂದು ಜೇಬಿನಲ್ಲಿರಲಿ. ಬೌದ್ಧ ದೇವಾಲಯಗಳ ‘ಶೋಜಿನ್ ರ್‍ಯೋರಿ’ ಸಸ್ಯಾಹಾರವೇ ಆಗಿದ್ದು, ಕ್ಯೋಟೊದಲ್ಲಿ ಸಿಗುತ್ತದೆ. ನಮ್ಮ ಊಟವೇ ಬೇಕೆನಿಸಿದರೆ, ಭಾರತೀಯ ಸಾಫ್ಟ್‌ವೇರ್ ಉದ್ಯೋಗಿಗಳು ಹೆಚ್ಚಾಗಿ ನೆಲೆಸಿರುವ ಟೋಕಿಯೊದ ನಿಶಿ-ಕಸಾಯ್ ಕಡೆಗೆ ಹೋಗಬಹುದು.

ರಾತ್ರಿಯೂಟಕ್ಕೆ ಕರೆದರೆ ಹೋಗಿ. ಸಭೆಯಲ್ಲಿ ಬಿಗಿಯಾಗಿದ್ದವರು ಅಲ್ಲಿ ಮನಬಿಚ್ಚುತ್ತಾರೆ. ಮದ್ಯ ಕುಡಿಯದವರು ಊಲಾಂಗ್ ಚಹಾ ಹಿಡಿದು ‘ಕಂಪಾಯ್’ (ಚಿಯರ್ಸ್) ಎಂದರೂ ನಡೆಯುತ್ತದೆ. ಪಕ್ಕದವರ ಲೋಟಕ್ಕೆ ನೀವು ಸುರಿಯಬೇಕು, ನಿಮ್ಮದಕ್ಕೆ ಅವರು ಸುರಿಯುತ್ತಾರೆ. ಚಾಪ್‌ಸ್ಟಿಕ್ಕನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚುವುದು ಸಾವಿನ ವಿಧಿಯನ್ನು ನೆನಪಿಸುವುದರಿಂದ ಹಾಗೆ ಮಾಡಬಾರದು. ಟಿಪ್ಸ್ ಕೊಡುವ ರೂಢಿಯಿಲ್ಲ.

ಕೆಲಸ ಮುಗಿದ ಮೇಲೆ ಅತಿವೇಗದ ಬುಲೆಟ್ ರೈಲಾದ ನೊಜೋಮಿ ಶಿಂಕಾನ್ಸೆನ್‌ನಲ್ಲಿ ಟೋಕಿಯೊದಿಂದ ಕ್ಯೋಟೊಗೆ ಸುಮಾರು ಎರಡೂಕಾಲು ಗಂಟೆ. ಬಲಬದಿಯ ಕಿಟಕಿ ಸಿಕ್ಕರೆ, ಮೋಡವಿಲ್ಲದ ದಿನ ಫ್ಯುಜಿ ಪರ್ವತ ಕಾಣುತ್ತದೆ. 2023ರ ಅಕ್ಟೋಬರ್‌ನಲ್ಲಿ ವಿದೇಶಿ ಪ್ರವಾಸಿಗರಿಗೆಂದೇ ಇರುವ ರೈಲು ಪಾಸಾದ ಜೆ.ಆರ್. ಪಾಸ್‌ನ ದರ ವಿಪರೀತ ಏರಿದ್ದು, ಒಮ್ಮೆ ಹೋಗಿಬರುವುದಕ್ಕೆ ಬಿಡಿ ಟಿಕೆಟ್ಟೇ ಅಗ್ಗ. ಉದ್ದ, ಅಗಲ, ಎತ್ತರ ಸೇರಿ 160 ಸೆಂ.ಮೀ. ಮೀರುವ ಪೆಟ್ಟಿಗೆಗೆ ರೈಲಿನಲ್ಲಿ ಜಾಗ ಕಾದಿರಿಸಬೇಕು. ಅದರ ಬದಲು ಹೋಟೆಲಿನಿಂದ ಹೋಟೆಲಿಗೆ ಕೊರಿಯರ್ ಮಾಡುವುದೇ ಸುಲಭ.

ಒಂದೇ ದಿನವಿದ್ದರೆ ಬೆಳಗಿನ ಜಾವ ಕ್ಯೋಟೊದ ಫುಶಿಮಿ ಇನಾರಿ ಗುಡಿಯ ಕೆಂಪು ಕಮಾನುಗಳ ನಡುವೆ ನಡೆದು, ಅಲ್ಲಿಂದ ಹತ್ತಿರದ ನಾರಾ ನಗರಕ್ಕೆ ಹೋಗುವುದು ನನ್ನ ಸಲಹೆ. ಕ್ಯೋಟೊದ ಸ್ವರ್ಣಮಂದಿರ ಕಿಂಕಾಕು-ಜಿಯ ಜನಜಂಗುಳಿಗಿಂತ ನಾರಾದ ಬೌದ್ಧ ದೇವಾಲಯ ತೋದಾಯ್-ಜಿ ಮೇಲು. ಅಲ್ಲಿನ ಬೃಹತ್ ಕಂಚಿನ ಬುದ್ಧನಿಗೆ 752ರಲ್ಲಿ ನೇತ್ರೋನ್ಮೀಲನ ಮಾಡಿದವನು ಭಾರತದಿಂದ ಹೋಗಿದ್ದ ಭಿಕ್ಷು ಬೋಧಿಸೇನ. ಚಳಿಗಾಲದಲ್ಲಿ ಆ ದೇವಾಲಯದ ಬಾಗಿಲು ಸಂಜೆ ಐದಕ್ಕೇ ಮುಚ್ಚುತ್ತದೆ. ಮರಳುವ ವಿಮಾನ ನರಿಟಾದಿಂದಾದರೆ, ಆ ನಿಲ್ದಾಣ ಟೋಕಿಯೊ ನಗರದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ದೂರವಿರುವುದರಿಂದ, ಹಿಂದಿನ ರಾತ್ರಿಯೇ ಟೋಕಿಯೊಗೆ ಬಂದು ತಂಗುವುದು ಕ್ಷೇಮ.